ಕೋಳಿಗೂಡಿಗೆ ನುಗ್ಗಿದ್ದು ವೀಸಲ್ ಇರಬಹುದೇ? ಮುಂಗುಸಿ, ವೀಸಲ್ ಎರಡೂ ಒಂದೇನಾ?

ಪ್ರಶ್ನೆ: ಮನೆ ಹಿಂದಿನ ಗೂಡಿನಿಂದ ಮಟಮಟ ಮಧ್ಯಾಹ್ನವೇ ನಾಲ್ಕು ಕೋಳಿಮರಿ ಮಾಯವಾಗಿವೆ. ಗೋಡೆಯ ಬುಡದಲ್ಲಿ ಮುಷ್ಟಿ ಗಾತ್ರದ ತೂತು ಬಿದ್ದಿದೆ. ಅಪ್ಪ ಮುಂಗುಸಿ ಅನ್ನುತ್ತಾರೆ. ಇಂಟರ್‌ನೆಟ್‌ನಲ್ಲಿ ಹುಡುಕಿದರೆ ವೀಸಲ್ ಚಿತ್ರಗಳು ಬರುತ್ತವೆ, ನೋಡಲು ಹಾಗೇ ಇದೆ. ಮಗಳ ನಿಘಂಟಿನಲ್ಲೂ ವೀಸಲ್ ಅಂದರೆ ಮುಂಗುಸಿ ಎಂದೇ ಇದೆ. ಎರಡೂ ಒಂದೇನಾ? ಗೂಡನ್ನು ಭದ್ರ ಮಾಡುವುದು ಹೇಗೆ?

ಉತ್ತರ: ನಿಮ್ಮ ಅಪ್ಪ ಹೇಳಿದ್ದೇ ಸರಿ ಇರಬೇಕು. ವೀಸಲ್ ಅಂತೂ ಅಲ್ಲವೇ ಅಲ್ಲ, ಏಕೆಂದರೆ ಕರ್ನಾಟಕದಲ್ಲಿ ವೀಸಲ್ ಇಲ್ಲ. ದಕ್ಷಿಣ ಭಾರತದಲ್ಲೇ ಇಲ್ಲ. ಭಾರತದ ವೀಸಲ್‌ಗಳೆಲ್ಲ ಹಿಮಾಲಯದ ಉದ್ದಕ್ಕೆ, ಕಾಶ್ಮೀರದಿಂದ ಅರುಣಾಚಲದವರೆಗೆ ಮತ್ತು ಈಶಾನ್ಯದ ಗುಡ್ಡಗಳಲ್ಲಿ ಇವೆ. ನಿಘಂಟು ಬರೆದವರಿಗೆ ಕನ್ನಡದಲ್ಲಿ ಹೆಸರೇ ಇಲ್ಲದ ಪ್ರಾಣಿಗೆ ಏನಾದರೊಂದು ಅರ್ಥ ಕೊಡಬೇಕಿತ್ತು, ಹತ್ತಿರದಲ್ಲಿ ಕಂಡ ಮುಂಗುಸಿಯನ್ನು ಕೊಟ್ಟರು. ಫೆರೆಟ್‌ಗೂ ಇದೇ ಗತಿ. ಮುಂಗುಸಿ ಎಂದೋ ಮುಂಗುಲಿ ಎಂದೋ ನಾವು ಕರೆಯುವ ಪ್ರಾಣಿ ಬೇರೆಯೇ ಮನೆತನದ್ದು.

ಎಷ್ಟು ಬೇರೆ ಅಂದರೆ, ಮುಂಗುಸಿಗೆ ವೀಸಲ್‌ಗಿಂತ ಬೆಕ್ಕು ಹತ್ತಿರದ ನೆಂಟ. ಮಾಂಸಾಹಾರಿ ಸಸ್ತನಿಗಳ ಗಣ ಬಹು ಹಿಂದೆಯೇ, ನಾಲ್ಕು ಕೋಟಿ ವರ್ಷಗಳಿಗೂ ಮೊದಲು, ಎರಡು ಕವಲಾಯಿತು. ಒಂದು ಕವಲಿನಲ್ಲಿ ಬೆಕ್ಕು, ಹುಲಿ, ಕತ್ತೆಕಿರುಬ, ಪುನುಗು ಬೆಕ್ಕು, ಮುಂಗುಸಿ. ಇನ್ನೊಂದರಲ್ಲಿ ನಾಯಿ, ಕರಡಿ, ಸೀಲ್ ಮತ್ತು ವೀಸಲ್‌ನ ಕುಟುಂಬವಾದ ಮಸ್ಟೆಲಿಡೆ. ಈ ಮಸ್ಟೆಲಿಡೆ ಕುಟುಂಬ ದೊಡ್ಡದು. ಸುಮಾರು 60 ಪ್ರಭೇದಗಳಿವೆ: ವೀಸಲ್, ಸ್ಟೋಟ್, ಪೋಲ್‌ಕ್ಯಾಟ್, ಮಿಂಕ್, ಮಾರ್ಟೆನ್, ಬ್ಯಾಡ್ಜರ್, ವುಲ್ವರಿನ್ ಮತ್ತು ಎಲ್ಲ ಜಾತಿಯ ನೀರುನಾಯಿಗಳು. ಫೆರೆಟ್ ಬೇರೆ ಕಾಡುಪ್ರಾಣಿಯೇನಲ್ಲ. ಯುರೋಪಿನ ಪೋಲ್‌ಕ್ಯಾಟನ್ನು ಮೊಲದ ಬಿಲಕ್ಕೆ ಬಿಡಲೆಂದು ಜನ ಸಾವಿರಾರು ವರ್ಷಗಳಿಂದ ಸಾಕಿ ಸಾಕಿ ಪಳಗಿಸಿದ ರೂಪ ಅದು.

ಹಾಗಾದರೆ ನೋಡಲು ಒಂದೇ ತರಹ ಏಕೆ? ಇಬ್ಬರ ಕಸುಬೂ ಒಂದೇ ಆಗಿರುವುದರಿಂದ. ಬಿಲ, ಬೇಲಿ, ಕಲ್ಲಿನ ಸಂದಿಗಳಲ್ಲಿ ತೂರಿ ಬೇಟೆಯಾಡುವವರಿಗೆ ಉದ್ದ ಮೈ, ಗಿಡ್ಡ ಕಾಲು, ಚಪ್ಪಟೆ ತಲೆ, ಚಿಕ್ಕ ಕಿವಿ ಬೇಕು. ಆದರೆ ಪಕ್ಕಪಕ್ಕ ಇಟ್ಟರೆ ಸಣ್ಣ ಮಕ್ಕಳೂ ಗುರುತಿಸಿಯಾರು. ನಮ್ಮ ಬೂದು ಮುಂಗುಸಿಯ ಒಂದೊಂದು ಕೂದಲಲ್ಲೂ ತಿಳಿ, ಕಪ್ಪು ಪಟ್ಟೆಗಳು ಒಂದಾದ ಮೇಲೊಂದು ಇರುತ್ತವೆ. ದೂರದಿಂದ ಮೈಮೇಲೆ ಉಪ್ಪು–ಮೆಣಸು ಚೆಲ್ಲಿದ ಹಾಗೆ ಕಾಣುವುದು ಅದಕ್ಕೇ. ವೀಸಲ್‌ನ ಬೆನ್ನು ಒಂದೇ ಸಮನೆ ಕಂದು, ಹೊಟ್ಟೆ ಬಿಳಿ ಅಥವಾ ಹಳದಿ. ಮುಂಗುಸಿಯ ಬಾಲ ಹೆಚ್ಚುಕಡಿಮೆ ಮೈಯಷ್ಟೇ ಉದ್ದ, ಬುಡದಲ್ಲಿ ದಪ್ಪ. ಅದರ ಕಣ್ಣಿನ ಪಾಪೆ ಅಡ್ಡಗೀಟಿನಂತೆ ಇರುತ್ತದೆ, ಆಡಿನ ಕಣ್ಣಿನ ಹಾಗೆ. ತೂಕದಲ್ಲಂತೂ ಹೋಲಿಕೆಯೇ ಇಲ್ಲ. ಬೂದು ಮುಂಗುಸಿ ಒಂದರಿಂದ ಒಂದೂವರೆ ಕಿಲೋ ತೂಗಿದರೆ, ಯುರೋಪಿನ ಅತಿ ಚಿಕ್ಕ ವೀಸಲ್ 100 ಗ್ರಾಂ ಕೂಡ ತೂಗದಿರಬಹುದು. ಇಲಿಯ ಬಿಲದೊಳಕ್ಕೇ ಇಳಿಯುವ ಆ ಕಡ್ಡಿಯಂಥ ಮೈಯಿಂದ ಶಾಖ ಬೇಗ ಸೋರಿಹೋಗುವ ಕಾರಣ, ಅದು ದಿನಕ್ಕೆ ತನ್ನ ತೂಕದ ಮೂರನೇ ಒಂದರಷ್ಟು ತಿನ್ನಲೇಬೇಕು.

ಚಿತ್ರ ಬರೆಯುವವರಿಗೆ ಈ ಗೊಂದಲ ಇನ್ನೊಂದು ರೂಪದಲ್ಲಿ ಗೊತ್ತಿದ್ದೀತು. ಜಲವರ್ಣಕ್ಕೆ ಶ್ರೇಷ್ಠವೆಂದು ಮಾರುವ ಕೊಲಿನ್ಸ್ಕಿ ಕುಂಚದ ಕೂದಲು ಸೈಬೀರಿಯದ ವೀಸಲ್‌ನ ಬಾಲದ್ದು. ನಮ್ಮ ದೇಶದಲ್ಲಿ ಕದ್ದುಮುಚ್ಚಿ ಮಾರುತ್ತಿದ್ದ, ಈಗಲೂ ಆಗಾಗ ದಾಳಿಯಲ್ಲಿ ಸಿಕ್ಕಿಬೀಳುವ ಕುಂಚಗಳದ್ದು ಮುಂಗುಸಿಯ ಕೂದಲು. ಎರಡನೆಯದನ್ನು ಮಾರುವುದೂ ಕೊಳ್ಳುವುದೂ ಅಪರಾಧ.

ವೀಸಲ್ ಇಲ್ಲದಿದ್ದರೂ ಅದರ ಕುಟುಂಬದವರು ನಮ್ಮಲ್ಲಿ ಇದ್ದಾರೆ, ನಾವು ಗುರುತು ಹಿಡಿಯುವುದಿಲ್ಲ ಅಷ್ಟೆ. ನೋಡಲು ಸುಲಭವಾಗಿ ಸಿಗುವುದು ನೀರುನಾಯಿ. ತುಂಗಭದ್ರಾ ನದಿಯಲ್ಲಿ ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿ.ಮೀ. ಹರಿವನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಎಂದು ಘೋಷಿಸಲಾಯಿತು. ಹಂಪಿ ಇರುವುದು ಈ ಹರಿವಿನ ದಡದಲ್ಲೇ. ಬೆಳಿಗ್ಗೆ ಬೇಗ ಹೋಗಿ ಬಂಡೆಗಳ ಮೇಲೆ ಕಣ್ಣಿಟ್ಟರೆ ಗುಂಪು ಕಾಣಬಹುದು. ಪ್ರಾಣಿ ಕಾಣದಿದ್ದರೂ ಮೀನಿನ ಹುರುಪೆ ತುಂಬಿದ, ಕಮಟು ವಾಸನೆಯ ಲದ್ದಿಯಾದರೂ ಬಂಡೆಯ ಮೇಲೆ ಸಿಕ್ಕೀತು. ಅಲ್ಲಿನದು ಏಳರಿಂದ ಹನ್ನೊಂದು ಕಿಲೋ ತೂಗುವ ನುಣುಪು ಮೈಯ ನೀರುನಾಯಿ. ಮಲೆನಾಡಿನ, ಕೊಡಗಿನ ಹಳ್ಳಗಳಲ್ಲಿ ಏಡಿ ಹುಡುಕಿ ತಿನ್ನುವುದು ಇನ್ನೊಂದು, ಗಿಡ್ಡ ಉಗುರಿನ ಚಿಕ್ಕ ನೀರುನಾಯಿ. ಜಗತ್ತಿನ ನೀರುನಾಯಿಗಳಲ್ಲೆಲ್ಲ ಅದೇ ಚಿಕ್ಕದು.

ನೀಲಗಿರಿ ಮಾರ್ಟೆನ್ ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಗಾಢ ಕಂದು ಮೈ, ಕುತ್ತಿಗೆಯ ಕೆಳಗೆ ಅರಿಶಿನಕ್ಕೆ ಕುಂಕುಮ ಬೆರೆಸಿದಂಥ ಬಣ್ಣ. ಕೊಡಗಿನ ಬ್ರಹ್ಮಗಿರಿಯ ಕಡೆ ಕಂಡ ದಾಖಲೆಗಳಿವೆ. ಮರದ ಮೇಲೆ ಓಡುವುದನ್ನು ಕಂಡು ಎಷ್ಟೋ ಜನ ಕೆಂದಳಿಲು ಎಂದುಕೊಂಡು ಸುಮ್ಮನಾಗುತ್ತಾರೆ.

ಮತ್ತೊಂದು ತರಕರಡಿ. ಹೆಸರಿನಲ್ಲಿ ಕರಡಿ, ಇಂಗ್ಲಿಷ್ ಹೆಸರಿನಲ್ಲಿ (ಹನಿ ಬ್ಯಾಡ್ಜರ್) ಬ್ಯಾಡ್ಜರ್, ನಿಜದಲ್ಲಿ ಎರಡೂ ಅಲ್ಲ. ಮಸ್ಟೆಲಿಡೆ ಕುಟುಂಬದಲ್ಲೇ ಬ್ಯಾಡ್ಜರ್‌ಗಳಿಂದ ದೂರವಾದ ಒಂಟಿ ಕವಲು ಅದು. ಬೆನ್ನು ಬೂದಿಬಿಳಿ, ಕೆಳಭಾಗ ಕಡುಕಪ್ಪು, ಹೆಚ್ಚಾಗಿ ರಾತ್ರಿ ಓಡಾಟ. ಕಾವೇರಿ ವನ್ಯಧಾಮದಲ್ಲಿ ಕ್ಯಾಮೆರಾ ಟ್ರ್ಯಾಪ್‌ಗೆ ಸಿಕ್ಕಿದ್ದರಿಂದಲೇ ಕರ್ನಾಟಕದಲ್ಲಿ ಅದು ಇದೆಯೆಂದು ಬಹಳ ಜನಕ್ಕೆ ಗೊತ್ತಾಯಿತು.

ತರಕರಡಿಗೂ ಮುಂಗುಸಿಗೂ ಒಂದು ಸೋಜಿಗದ ಹೋಲಿಕೆಯಿದೆ. ನಾಗರಹಾವಿನ ವಿಷ ಕೆಲಸ ಮಾಡುವುದು ನರದ ಸಂದೇಶವನ್ನು ಸ್ನಾಯುವಿನಲ್ಲಿ ಪಡೆಯುವ ಪ್ರೋಟೀನಿಗೆ, ಅಂದರೆ ಗ್ರಾಹಕಕ್ಕೆ, ಅಂಟಿಕೊಂಡು. ಕೀಲಿಯ ಕಿಂಡಿಯಲ್ಲಿ ಮೇಣ ಮೆತ್ತಿದ ಹಾಗೆ ಸಂದೇಶ ಒಳಹೋಗದೆ ಉಸಿರು ನಿಲ್ಲುತ್ತದೆ. ಮುಂಗುಸಿಯಲ್ಲಿ ಆ ಗ್ರಾಹಕದ ಮೇಲೆ ಸಕ್ಕರೆಯ ಅಣುವೊಂದು ಅಡ್ಡ ಕುಳಿತು ವಿಷವನ್ನು ತಡೆಯುತ್ತದೆ. ತರಕರಡಿಯಲ್ಲಿ ಸಕ್ಕರೆ ಇಲ್ಲ, ಗ್ರಾಹಕದ ಒಂದು ಅಮೈನೋ ಆಮ್ಲವೇ ಬದಲಾಗಿದೆ. ಎರಡು ಮನೆತನಗಳು ಒಂದೇ ಕಳ್ಳನಿಗೆ ಬೇರೆ ಬೇರೆ ಬೀಗ ಹಾಕಿಕೊಂಡಿವೆ. ನಾಗರಹಾವು ಕಚ್ಚಿದರೆ ಮುಂಗುಸಿ ಯಾವುದೋ ಬೇರು ಹುಡುಕಿ ತಿನ್ನುತ್ತದೆ ಎಂಬ ಮಾತು ಸುಳ್ಳು. ಹಾಗೆಂದು ಅದಕ್ಕೆ ಯಾವ ಹಾವಿನ ವಿಷವೂ ತಟ್ಟದು ಎನ್ನುವುದೂ ತಪ್ಪು. ಕೊಳಕುಮಂಡಲದ ವಿಷ ಕೆಲಸ ಮಾಡುವುದು ಮುಖ್ಯವಾಗಿ ರಕ್ತದ ಮೇಲೆ. ಅಲ್ಲಿ ಈ ಬೀಗ ಉಪಯೋಗಕ್ಕೆ ಬರುವುದಿಲ್ಲ.

ಇನ್ನು ನಿಮ್ಮ ಗೂಡಿನ ವಿಷಯ. ಗೂಡಿಗೆ ಕೈ ಹಾಕುವ ಮುನ್ನ ಕಳ್ಳ ಯಾರೆಂದು ಖಚಿತ ಮಾಡಿಕೊಳ್ಳಿ, ಏಕೆಂದರೆ ಒಬ್ಬೊಬ್ಬರು ಬರುವ ದಾರಿ ಒಂದೊಂದು. ಹಗಲಲ್ಲಿ ಮರಿ, ಮೊಟ್ಟೆ ಹೋದರೆ ಮುಂಗುಸಿ. ರಾತ್ರಿ ಹೆಂಚು ಸರಿಸಿ ಮೇಲಿನಿಂದ ಇಳಿದಿದ್ದರೆ ಕಬ್ಬೆಕ್ಕು. ಪುಕ್ಕ, ರಕ್ತ ಏನೂ ಇಲ್ಲದೆ ಮರಿಗಳ ಲೆಕ್ಕ ಮಾತ್ರ ತಪ್ಪುತ್ತಿದ್ದರೆ ಹಾವೂ ಇರಬಹುದು, ಹಾಗಾಗಿ ತೂತಿಗೆ ಬರಿಗೈ ಹಾಕಬೇಡಿ. ತೂತಿನ ಬಾಯಲ್ಲಿ ಸಡಿಲ ಮಣ್ಣಿನ ಗುಡ್ಡೆಯಿದ್ದರೆ ತೋಡಿದ್ದು ಹೆಗ್ಗಣ. ಅದು ಮಾಡಿದ ದಾರಿಯನ್ನು ಮುಂಗುಸಿ ಆಮೇಲೆ ದೊಡ್ಡದು ಮಾಡಿಕೊಂಡಿರಲೂಬಹುದು.

ಅನುಮಾನವಿದ್ದರೆ ಜರಡಿ ಹಿಡಿದ ಒಲೆಬೂದಿಯನ್ನು ಗೂಡಿನ ಸುತ್ತ ಎರಡಡಿ ಅಗಲಕ್ಕೆ, ಅರ್ಧ ಸೆಂಟಿಮೀಟರ್ ದಪ್ಪಕ್ಕೆ ಹರಡಿ. ಬೆಳಿಗ್ಗೆ ಒಮ್ಮೆ ನೋಡಿ, ಕೈಯಾಡಿಸಿ ಸಮ ಮಾಡಿ, ಸಂಜೆ ಮತ್ತೆ ನೋಡಿ. ಹಗಲು, ರಾತ್ರಿಯ ಗುರುತು ಬೇರೆ ಬೇರೆ ಸಿಗುವುದು ಹೀಗೆ. ಮುಂಗುಸಿಯ ಹೆಜ್ಜೆ ಮೂರು ಸೆಂಟಿಮೀಟರ್ ಆಸುಪಾಸು. ಬೆರಳು ಐದಿದ್ದರೂ ಒಂದು ಮೇಲೆ ಇರುವುದರಿಂದ ಸಾಮಾನ್ಯವಾಗಿ ನಾಲ್ಕೇ ಮೂಡುತ್ತವೆ, ಪ್ರತಿ ಬೆರಳ ಮುಂದೆ ಉಗುರಿನ ಚುಕ್ಕೆ ಇರುತ್ತದೆ. ಬೆಕ್ಕಿನ ಹೆಜ್ಜೆಯಲ್ಲಿ ಉಗುರು ಕಾಣುವುದಿಲ್ಲ. ಕಬ್ಬೆಕ್ಕಿನದು ಐದು ಬೆರಳು. ಹೆಗ್ಗಣಕ್ಕೆ ಮುಂಗಾಲಲ್ಲಿ ನಾಲ್ಕು, ಹಿಂಗಾಲಲ್ಲಿ ಐದು.

ಮುಂಗುಸಿಯೇ ಎಂದಾದರೆ ಕೆಲಸವಿರುವುದು ನೆಲಮಟ್ಟದಲ್ಲಿ. ಕೋಳಿ ಫಾರಂಗೆ ಬಳಸುವ ಆರು ಮೂಲೆಯ ತೆಳು ಜಾಲರಿ ಕೋಳಿ ಹೊರಗೆ ಹೋಗದಂತೆ ತಡೆಯುತ್ತದೆ, ಬೇಟೆಗಾರ ಒಳಗೆ ಬಾರದಂತೆ ತಡೆಯುವುದಿಲ್ಲ. ಎರಡು ಮಳೆಗಾಲದಲ್ಲಿ ತುಕ್ಕು ಹಿಡಿದ ಮೇಲೆ ಬೆರಳಿಂದಲೂ ಹರಿಯುತ್ತದೆ. ಅರ್ಧ ಇಂಚು ಕಣ್ಣಿನ, ತಂತಿ ಒಂದು ಮಿ.ಮೀ. ದಪ್ಪವಿರುವ ಜಿ.ಐ. ವೆಲ್ಡ್ ಮೆಶ್ (ಸತು ಲೇಪಿಸಿ ಬೆಸೆದ ತಂತಿ ಜಾಲರಿ) ಕೇಳಿ ತನ್ನಿ. ಇದರಿಂದ ಹೆಗ್ಗಣವೂ ಹಾವೂ ಹೊರಗುಳಿಯುತ್ತವೆ.

ಆರಡಿ–ನಾಲ್ಕಡಿಯ ಗೂಡು ಎಂದುಕೊಳ್ಳೋಣ. ಸುತ್ತಳತೆ 20 ಅಡಿ. ಎರಡಡಿ ಅಗಲದ ಮೆಶ್ 25 ಅಡಿ ಬೇಕು. ಗೋಡೆಗೆ ತಾಗಿದಂತೆ ಹೊರಗಡೆ ಒಂದಡಿ ಆಳ, ಒಂದಡಿ ಅಗಲದ ಕಾಲುವೆ ತೆಗೆಯಿರಿ. ಮೆಶ್ ಪಟ್ಟಿಯನ್ನು ಉದ್ದಕ್ಕೂ ನಡುವೆ ಬಗ್ಗಿಸಿ, ಅರ್ಧ ಗೋಡೆಯ ಬುಡಕ್ಕೆ ಅಂಟಿದಂತೆ ಕೆಳಗಿಳಿಯಲಿ, ಉಳಿದರ್ಧ ತಳದಲ್ಲಿ ಹೊರಮುಖವಾಗಿ ಚಾಚಿರಲಿ. ಮೇಲಂಚನ್ನು ಗೋಡೆಯ ಜಾಲರಿಗೆ ನಾಲ್ಕು ಬೆರಳಿಗೊಂದರಂತೆ ಕಟ್ಟುತಂತಿಯಿಂದ ಬಿಗಿಯಿರಿ. ಜಲ್ಲಿ ಬೆರೆಸಿದ ಮಣ್ಣು ತುಂಬಿ ಗುದ್ದಿ. ಹೊರಕ್ಕೆ ಚಾಚುವುದು ಏಕೆಂದರೆ, ತೋಡುವ ಪ್ರಾಣಿ ಯಾವಾಗಲೂ ಗೋಡೆಯ ಬುಡದಿಂದಲೇ ಶುರುಮಾಡುತ್ತದೆ. ಒಂದಡಿ ಕೆಳಗೆ ಮೆಶ್ ಅಡ್ಡ ಬಂದರೆ, ಒಂದಡಿ ಹಿಂದೆ ಸರಿದು ತೋಡಬೇಕೆಂಬ ಲೆಕ್ಕಾಚಾರ ಅದಕ್ಕೆ ಹೊಳೆಯುವುದಿಲ್ಲ. ಒಳಮುಖವಾಗಿ ಬಗ್ಗಿಸಿದರೆ ಈ ಉಪಾಯವೇ ಹಾಳು.

ಹೀಗೆ ಮಾಡಿಯೂ ಸೋಲುವ ಜಾಗ ಮೂಲೆಗಳು. ಹೊರಕ್ಕೆ ಚಾಚಿದ ಪಟ್ಟಿಗಳು ಮೂಲೆಯಲ್ಲಿ ಕೂಡುವುದಿಲ್ಲ, ಒಂದಡಿ ಚೌಕ ಖಾಲಿ ಉಳಿಯುತ್ತದೆ. ಹೆಚ್ಚುವರಿ ಮೆಶ್ ಹೇಳಿದ್ದು ಅದಕ್ಕೇ, ನಾಲ್ಕು ತುಂಡು ಕತ್ತರಿಸಿ ತೇಪೆ ಹಾಕಿ. ಎರಡನೆಯದು ಬಾಗಿಲು. ಹೊಸದರಲ್ಲಿ ಸರಿಯಾಗಿ ಕೂತ ಬಾಗಿಲ ಕೆಳಗೆ ಮಳೆಗೆ ಮಣ್ಣು ಕೊಚ್ಚಿಹೋಗಿ ಸಂದಿ ಬೀಳುತ್ತದೆ. ಮುಂಗುಸಿಯ ತಲೆ ತೂರಿದಲ್ಲಿ ಮೈ ತೂರುತ್ತದೆ. ಒಂದು ಇಂಚಿಗಿಂತ ದೊಡ್ಡ ಸಂದಿ ಎಲ್ಲೂ ಬೇಡ, ಬಾಗಿಲ ಕೆಳಗೆ ಒಂದು ಸಾಲು ಇಟ್ಟಿಗೆ ಅಥವಾ ಚಪ್ಪಡಿ ಹಾಸಿ. ಮೊಟ್ಟೆಯನ್ನು ದಿನಾ ತೆಗೆಯಿರಿ. ಸುತ್ತ ಹತ್ತಡಿ ಪೊದೆ ಸವರಿ, ಮುಂಗುಸಿ ಮರೆಯಿಲ್ಲದ ಬಯಲನ್ನು ದಾಟಲು ಹಿಂಜರಿಯುತ್ತದೆ.

ಒಂದೇ ದಾಳಿಯಲ್ಲಿ ಹಲವು ಕೋಳಿ ಸತ್ತು, ಯಾವುದನ್ನೂ ತಿಂದಿಲ್ಲವೆಂದರೆ “ರಕ್ತ ಹೀರಿ ಹೋಗಿದೆ” ಎನ್ನುತ್ತಾರೆ. ವೀಸಲ್ ಬಗ್ಗೆ ಯುರೋಪಿನ ಹಳ್ಳಿಗರೂ ಇದನ್ನೇ ಹೇಳುತ್ತಿದ್ದರು. ಮುಂಗುಸಿಯಾಗಲಿ ವೀಸಲ್ ಆಗಲಿ ರಕ್ತ ಹೀರುವುದಿಲ್ಲ. ಬಯಲಲ್ಲಿ ಒಂದು ಹಕ್ಕಿ ಸಿಕ್ಕರೆ ಉಳಿದವು ಹಾರಿಹೋಗುತ್ತವೆ, ಬೇಟೆ ಅಲ್ಲಿಗೆ ಮುಗಿಯುತ್ತದೆ. ಮುಚ್ಚಿದ ಗೂಡಿನಲ್ಲಿ ರೆಕ್ಕೆ ಬಡಿಯುವುದು ನಿಲ್ಲುವುದೇ ಇಲ್ಲ, ಹಾಗಾಗಿ ಕಚ್ಚುವುದೂ ನಿಲ್ಲುವುದಿಲ್ಲ. ಕುತ್ತಿಗೆಗೆ ಕಚ್ಚಿದ ಗಾಯ ಚಿಕ್ಕದು, ಹೃದಯ ನಿಂತ ಮೇಲೆ ರಕ್ತ ಹೊರಗೆ ಬರದು.

ಉರುಳು, ಕತ್ತರಿ ಬೋನು, ವಿಷ ಇವುಗಳ ತಂಟೆಗೆ ಹೋಗಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಮುಂಗುಸಿಯನ್ನು ಹಿಡಿಯುವುದೂ ಕೊಲ್ಲುವುದೂ ಸಾಕುವುದೂ ಅಪರಾಧ. ವಿಷ ಮೊದಲು ಬಲಿ ತೆಗೆಯುವುದು ನಿಮ್ಮದೇ ನಾಯಿಯನ್ನು. ಒಂದನ್ನು ತೆಗೆದರೂ ಖಾಲಿಯಾದ ಜಾಗಕ್ಕೆ ಇನ್ನೊಂದು ಬರುತ್ತದೆ, ಬರುವವರೆಗೆ ಹೆಗ್ಗಣಗಳಿಗೆ ಸುಗ್ಗಿ. ಮೆಶ್ ಕೆಲಸವನ್ನು ಮಳೆ ಹಿಡಿಯುವ ಮೊದಲು, ಮೇ ತಿಂಗಳಲ್ಲೇ ಮುಗಿಸಿ. ದೀಪಾವಳಿ ಹೊತ್ತಿಗೆ ಬಾಗಿಲ ಕೆಳಗೊಮ್ಮೆ, ಮಣ್ಣಿಗೆ ತಾಗುವ ಮಟ್ಟದಲ್ಲಿ ತಂತಿಯ ತುಕ್ಕನ್ನೊಮ್ಮೆ ನೋಡಿ. ಜಾಲರಿ ಮೊದಲು ಹರಿಯುವುದು ಆ ಮಟ್ಟದಲ್ಲೇ.