ಶೈಕ್ಷಣಿಕ ಯೋಜನೆಯ ವಿಕೇಂದ್ರೀಕರಣ: ಕಾಲುಸಂಕದ ಆಚೆಗಿನ ಲೆಕ್ಕ

ಪರೀಕ್ಷೆಯಲ್ಲಿ ‘ಶೈಕ್ಷಣಿಕ ಯೋಜನೆಯ ವಿಕೇಂದ್ರೀಕರಣವನ್ನು ವಿವರಿಸಿ’ ಎಂಬ ಪ್ರಶ್ನೆ ಬಂದರೆ ಹೆಚ್ಚಿನವರು ಪಂಚಾಯತ್‌ಗಳಿಗೆ ಅಧಿಕಾರ ಕೊಟ್ಟ ಸಂವಿಧಾನದ 73ನೇ ತಿದ್ದುಪಡಿ, ಅವುಗಳಿಗೆ ವಹಿಸಬಹುದಾದ ವಿಷಯಗಳ ಪಟ್ಟಿಯಾದ 11ನೇ ಅನುಸೂಚಿ, ಜಿಲ್ಲಾ ಯೋಜನಾ ಸಮಿತಿ ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ. ಅಷ್ಟು ಸಾಲದು. ಯಾವ ತೀರ್ಮಾನ ಯಾರ ಕೈಯಲ್ಲಿದೆ ಎಂಬುದನ್ನು ಬಿಡಿಸಿ ಬರೆಯಬೇಕು.

ಕರ್ನಾಟಕದಲ್ಲಿ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಉಸ್ತುವಾರಿ ಸಮಿತಿ) 2001ರಿಂದಲೇ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 21ನೇ ಕಲಮಿನಂತೆ ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರು, ಅರ್ಧ ಮಹಿಳೆಯರು ಇರಬೇಕು. 22ನೇ ಕಲಮು ಶಾಲಾಭಿವೃದ್ಧಿ ಯೋಜನೆ ಬರೆಯುವ ಹೊಣೆಯನ್ನು ಈ ಸಮಿತಿಗೇ ಕೊಟ್ಟಿದೆ. ಯೋಜನೆ ಮೂರು ವರ್ಷದ್ದು. ಮಕ್ಕಳ ಅಂದಾಜು ಸಂಖ್ಯೆ, ಬೇಕಾದ ಶಿಕ್ಷಕರು, ಕಟ್ಟಡ, ಹಣ ಎಲ್ಲ ಅದರಲ್ಲಿರಬೇಕು.

ಎಡವುವುದು ಮೊದಲ ಅಂಕಣದಲ್ಲೇ, ಅಂದರೆ ಮಕ್ಕಳ ಅಂದಾಜು ಸಂಖ್ಯೆಯಲ್ಲೇ. ಕಿರಿಯ ಪ್ರಾಥಮಿಕದಲ್ಲಿ 60 ಮಕ್ಕಳವರೆಗೆ 2 ಶಿಕ್ಷಕರು, 61 ಆದರೆ 3. ಉಡುಪಿಯ ಮಲ್ಪೆ ಮೀನುಗಾರಿಕಾ ಬಂದರಿನ ಹತ್ತಿರದ ಶಾಲೆಯನ್ನೇ ತೆಗೆದುಕೊಳ್ಳಿ: ಜೂನ್‌, ಜುಲೈಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ವಲಸೆ ಕಾರ್ಮಿಕರಲ್ಲಿ ಹಲವರು ಊರಿಗೆ ಹೋಗಿರುತ್ತಾರೆ. ಜೂನ್‌ನ ಹಾಜರಿ ನೋಡಿ ಅಂದಾಜು ಮಾಡಿದರೆ ಆಗಸ್ಟ್‌ನಲ್ಲಿ ಬರುವ ಮಕ್ಕಳು ಲೆಕ್ಕದಲ್ಲೇ ಇರುವುದಿಲ್ಲ.

ದೂರದ ಕಥೆಯೂ ಹಾಗೆಯೇ. 1ರಿಂದ 5ನೇ ತರಗತಿಗೆ ಒಂದು ಕಿಲೋಮೀಟರ್ ಒಳಗೆ ಶಾಲೆ ಇರಬೇಕು. ಬೈಂದೂರು ಕಡೆಯ ಹಳ್ಳಿಯಲ್ಲಿ ನಕ್ಷೆಯ ಮೇಲೆ ಇದು ಸರಿಯಾಗಿಯೇ ಕಾಣುತ್ತದೆ. ನಡುವೆ ಹೊಳೆ, ಅದರ ಮೇಲೆ ಅಡಿಕೆ ಮರದ ಕಾಲುಸಂಕ (ನಡೆದು ದಾಟುವ ಕಿರುಸೇತುವೆ). ಆಷಾಢದಲ್ಲಿ ನೀರು ಏರಿದರೆ ಸುತ್ತಿಬಳಸಿ ಹೋಗಬೇಕು, ಇಲ್ಲವೇ ಶಾಲೆಗೆ ರಜೆ. ಬೆಂಗಳೂರಿನ ಕಡತಕ್ಕೆ ಇದು ಗೊತ್ತಾಗದು. ಸ್ಥಳೀಯ ಯೋಜನೆ ಬೇಕೆನ್ನಲು ಇದಕ್ಕಿಂತ ಗಟ್ಟಿ ಕಾರಣ ಬೇಡ.

ದುರಸ್ತಿಯ ಬೇಡಿಕೆಯಲ್ಲಿ ‘ಮಾಡು (ಚಾವಣಿ) ಸೋರುತ್ತಿದೆ’ ಎಂದಷ್ಟೇ ಬರೆದರೆ ಏನೂ ಆಗದು. ಯಾವ ಕೋಣೆ, ಎಷ್ಟು ಹಂಚು, ಹಂಚಿನಡಿಯ ಮರದ ಪಟ್ಟಿ ಅಂದರೆ ರೀಪು ಎಷ್ಟು, ಎಷ್ಟು ಆಳುಲೆಕ್ಕ (ಎಷ್ಟು ಆಳು, ಎಷ್ಟು ದಿನ) ಎಂದು ಬರೆಯಿರಿ. ಹಂಚು ಬದಲಿಸುವುದು ಏಪ್ರಿಲ್‌, ಮೇಯಲ್ಲೇ ಆಗಬೇಕು. ಅನುದಾನ ಮಳೆ ಹಿಡಿದ ಮೇಲೆ ಬಂದರೆ ಆ ವರ್ಷ ಟಾರ್ಪಾಲೇ ಗತಿ.

ಶಿಕ್ಷಕರ ವಿಷಯದಲ್ಲಿ ಸಮಿತಿಯ ಕೈ ಕಟ್ಟಿದೆ. ಬೇಡಿಕೆ ಬರೆಯಬಹುದು, ನೇಮಕಾತಿ, ವರ್ಗಾವಣೆ ಇಲಾಖೆಯದು. ಮುಂಬಯಿ, ಕೊಲ್ಲಿ ದೇಶಗಳಿಗೆ ಹೋದ ಹಳೆ ವಿದ್ಯಾರ್ಥಿಗಳಿದ್ದರೆ ಅವರ ದುಡ್ಡಿನಲ್ಲಿ ಗೌರವ ಶಿಕ್ಷಕಿಯನ್ನು ಇಟ್ಟುಕೊಳ್ಳುತ್ತಾರೆ. ಬುಡಕಟ್ಟು ಸಮುದಾಯವಾದ ಕೊರಗರ ಕಾಲನಿಯ ಮಕ್ಕಳೇ ಹೆಚ್ಚಿರುವ ಶಾಲೆಗೆ ಅಂಥ ದಾನಿಗಳು ಎಲ್ಲಿಂದ ಬರಬೇಕು? ವಿಕೇಂದ್ರೀಕರಣದ ಮಿತಿಗಳನ್ನು ಕೇಳಿದಾಗ ಈ ಅಂಶವನ್ನು ಮೊದಲು ಬರೆಯಿರಿ.