‘72 ಸೀಸನ್ಸ್’ ನಿಜಕ್ಕೂ ಥ್ರ್ಯಾಶ್ ಆಲ್ಬಮ್ಮೇ?

ಪ್ರಶ್ನೆ: ಅಮೆರಿಕದ ಹೆವಿ ಮೆಟಲ್ ಬ್ಯಾಂಡ್ ಮೆಟಾಲಿಕಾದ ‘72 ಸೀಸನ್ಸ್’ ಆಲ್ಬಮ್ ಬಂದಾಗ ಬ್ಯಾಂಡು ಥ್ರ್ಯಾಶ್‌ಗೆ (ಹೆವಿ ಮೆಟಲ್‌ನ ಅತಿ ವೇಗದ, ಬಿರುಸಿನ ಶೈಲಿಗೆ) ಮರಳಿತು ಎಂದು ಕೆಲವರು ಸಂಭ್ರಮಿಸಿದರು, ಇದರಲ್ಲಿ ಥ್ರ್ಯಾಶ್ ಎಲ್ಲಿದೆ ಎಂದು ಇನ್ನು ಕೆಲವರು ಮೂಗು ಮುರಿದರು. ಯಾರ ಮಾತು ಸರಿ?

ಉತ್ತರ: ವೇಗವೊಂದನ್ನೇ ಅಳತೆಗೋಲಾಗಿ ಹಿಡಿದರೆ ಮೂಗು ಮುರಿದವರ ಮಾತಿನಲ್ಲಿ ಹುರುಳಿದೆ. 2023ರ ಏಪ್ರಿಲ್ 14ರಂದು ಬಿಡುಗಡೆಯಾದ ಈ ಆಲ್ಬಮ್ಮಿನ 12 ಹಾಡುಗಳಲ್ಲಿ ಹಲವು ಮಧ್ಯಮ ಗತಿಯಲ್ಲೇ ಸಾಗುತ್ತವೆ. ‘ಯು ಮಸ್ಟ್ ಬರ್ನ್’ ಅಂತೂ ಹೆವಿ ಮೆಟಲ್‌ನ ಆದ್ಯ ಬ್ಯಾಂಡ್ ಬ್ಲ್ಯಾಕ್ ಸಬ್ಬತ್‌ನ ಭಾರವಾದ ನಡಿಗೆಯನ್ನು ನೆನಪಿಗೆ ತರುವಷ್ಟು ನಿಧಾನ. ಆದರೆ ಥ್ರ್ಯಾಶ್‌ನ ಗುರುತನ್ನು ಡ್ರಮ್ಮಿನಲ್ಲಿ ಹುಡುಕುವುದಕ್ಕಿಂತ ಗಿಟಾರ್ ವಾದಕನ ಬಲಗೈಯಲ್ಲಿ ಹುಡುಕುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ.

ಬ್ಯಾಂಡಿನ ಗಾಯಕ, ಗಿಟಾರ್ ವಾದಕ ಜೇಮ್ಸ್ ಹೆಟ್‌ಫೀಲ್ಡ್ ನುಡಿಸುವುದನ್ನು ಗಮನಿಸಿ ನೋಡಿ. ಅಂಗೈಯ ಅಂಚು ಬ್ರಿಡ್ಜಿನ (ಗಿಟಾರಿನ ಒಡಲ ಮೇಲೆ ತಂತಿಗಳು ಕೂರುವ ಪಟ್ಟಿಯ) ಬಳಿ ತಂತಿಗಳಿಗೆ ತಾಗಿಯೂ ತಾಗದಂತೆ ಒರಗಿರುತ್ತದೆ, ಪಿಕ್ಕು ಮೇಲೆ ಕೆಳಗೆ ಆಡುವ ಬದಲು ಪ್ರತಿ ಸಲವೂ ಮೇಲಿನಿಂದ ಕೆಳಕ್ಕೇ ಬೀಳುತ್ತದೆ. ಹೀಗೆ ನುಡಿಸಿದಾಗ ಪ್ರತಿ ಸ್ವರಕ್ಕೂ ಒಂದೇ ತೂಕ ಬರುತ್ತದೆ, ಸ್ವರ ಹುಟ್ಟಿದ ಕೂಡಲೇ ಕಡಿದು ಬೀಳುತ್ತದೆ. 1986ರ ‘ಮಾಸ್ಟರ್ ಆಫ್ ಪಪೆಟ್ಸ್’ ಹಾಡಿನಲ್ಲಿ ನಿಮಿಷಕ್ಕೆ 200ಕ್ಕೂ ಹೆಚ್ಚು ಬೀಟ್‌ಗಳ ವೇಗದಲ್ಲಿ ಇದನ್ನೇ ಮಾಡಬೇಕಾಗುವುದರಿಂದ, ಅದನ್ನು ಅಭ್ಯಾಸ ಮಾಡಲು ಹೊರಟ ಹುಡುಗರ ಮುಂಗೈ ಹಿಡಿದುಕೊಳ್ಳುತ್ತದೆ. ಹೊಸ ಆಲ್ಬಮ್ ಬಂದಾಗ ಹೆಟ್‌ಫೀಲ್ಡ್‌ಗೆ 59 ವರ್ಷ. ಶೀರ್ಷಿಕೆ ಗೀತೆಯ ರಿಫ್‌ಗಳನ್ನು (ಮತ್ತೆ ಮತ್ತೆ ಬರುವ ಗಿಟಾರ್ ತುಣುಕುಗಳನ್ನು) ಕೇಳಿದರೆ ಆ ಕೈ ಸಡಿಲವಾಗಿಲ್ಲ ಎಂಬುದು ತಿಳಿಯುತ್ತದೆ.

ಇನ್ನೊಂದು ವಿಷಯವೂ ಇದೆ. ಬ್ಯಾಂಡು ಇಲ್ಲಿ ಮರಳಿ ಹೋಗಿರುವುದು ಥ್ರ್ಯಾಶ್‌ಗಿಂತಲೂ ಒಂದು ಹೆಜ್ಜೆ ಹಿಂದಕ್ಕೆ, ಅಂದರೆ 1980ರ ಸುಮಾರಿಗೆ ಬ್ರಿಟನ್ನಿನಲ್ಲಿ ಎದ್ದ ಹೆವಿ ಮೆಟಲ್‌ನ ಹೊಸ ಅಲೆಗೆ. ಆ ಅಲೆಯ ರಿಫ್‌ಗಳಿಗೆ ಹಾರ್ಡ್‌ಕೋರ್ ಪಂಕ್ ಎಂಬ ವೇಗದ, ಒರಟು ರಾಕ್‌ನ ಆವೇಶ ಬೆರೆತಾಗಲೇ ಅಮೆರಿಕದಲ್ಲಿ ಥ್ರ್ಯಾಶ್ ಹುಟ್ಟಿತು. ಮೂರೂವರೆ ನಿಮಿಷವನ್ನೂ ತುಂಬದ ‘ಲಕ್ಸ್ ಈಟರ್ನಾ’ದ ಸಾಹಿತ್ಯದಲ್ಲಿ ಆ ಬ್ರಿಟಿಷ್ ಅಲೆಯದೇ ಆದ ಡೈಮಂಡ್ ಹೆಡ್ ಬ್ಯಾಂಡಿನ ಮೊದಲ ಆಲ್ಬಮ್ಮಿನ ಹೆಸರು ಇಣುಕುತ್ತದೆ, ಜೊತೆಗೆ ಮೆಟಾಲಿಕಾದ್ದೇ 1983ರ ‘ಮೋಟರ್‌ಬ್ರೆತ್’ ಹಾಡಿನ ತುಣುಕೊಂದು ಮರುಕಳಿಸುತ್ತದೆ. ಹಳೆಯ ಸಾಲವನ್ನು ಹೀಗೆ ಬಹಿರಂಗವಾಗಿ ಒಪ್ಪಿಕೊಳ್ಳುವುದು ನನಗಂತೂ ಇಷ್ಟವಾಯಿತು.

ಆಲ್ಬಮ್ಮಿನ ಹೆಸರು ಮನುಷ್ಯನ ಮೊದಲ 18 ವರ್ಷಗಳನ್ನು, ವರ್ಷಕ್ಕೆ ನಾಲ್ಕು ಋತುಗಳಂತೆ ಎಣಿಸುತ್ತದೆ. (ನಮ್ಮ ಆರು ಋತುಗಳ ಲೆಕ್ಕ ಹಿಡಿದರೆ ಹುಡುಗ ಹನ್ನೆರಡಕ್ಕೇ ದೊಡ್ಡವನಾಗಿಬಿಡುತ್ತಾನೆ.) ಬಾಲ್ಯದ ಗಾಯಗಳು ಮುಂದೆಯೂ ನಮ್ಮನ್ನು ಹೇಗೆ ಆಳುತ್ತವೆ ಎಂಬುದೇ ಹಾಡುಗಳ ವಸ್ತು.

ನನ್ನ ತಕರಾರಿರುವುದು ವೇಗದ ಬಗ್ಗೆ ಅಲ್ಲ, ಉದ್ದದ ಬಗ್ಗೆ. ‘ಮಾಸ್ಟರ್ ಆಫ್ ಪಪೆಟ್ಸ್’ ಆಲ್ಬಮ್ಮಿನಲ್ಲಿ 8 ಹಾಡುಗಳು ಸುಮಾರು 55 ನಿಮಿಷದಲ್ಲಿ ಮುಗಿದರೆ, ಇಲ್ಲಿ 12 ಹಾಡುಗಳು 77 ನಿಮಿಷ ಹಿಡಿಯುತ್ತವೆ. ಅಲ್ಲಿ ಹಾಡು ದೀರ್ಘವಾಗುತ್ತಿದ್ದುದು ಹೊಸ ಹೊಸ ಭಾಗಗಳು ಸೇರಿದ್ದರಿಂದ. ಇಲ್ಲಿನ ‘ಸ್ಲೀಪ್‌ವಾಕ್ ಮೈ ಲೈಫ್ ಅವೇ’ಯಂಥ ಹಾಡು ದೀರ್ಘವಾಗುವುದು ಅದೇ ರಿಫ್ ಮತ್ತೊಂದು ಸುತ್ತು ಬರುವುದರಿಂದ. ನಿರ್ಮಾಪಕ ಗ್ರೆಗ್ ಫಿಡೆಲ್‌ಮನ್ ಧ್ವನಿಯನ್ನು ಅಚ್ಚುಕಟ್ಟಾಗಿ ಹಿಡಿದಿದ್ದಾರೆ, ಕತ್ತರಿಯನ್ನು ಮಾತ್ರ ಇನ್ನಷ್ಟು ಆಡಿಸಬಹುದಿತ್ತು. ಇದಕ್ಕೆ ಅಪವಾದ ಕೊನೆಯ ‘ಇನಮೊರಾಟಾ’. 11 ನಿಮಿಷ ಮೀರುವ ಇದು ಬ್ಯಾಂಡಿನ ಸ್ವಂತ ಸ್ಟುಡಿಯೊ ಹಾಡುಗಳಲ್ಲೇ ಅತಿ ದೀರ್ಘವಾದದ್ದು. ನಡುವೆ ಗದ್ದಲವೆಲ್ಲ ಇಳಿದು ರಾಬರ್ಟ್ ಟ್ರುಹಿಯೊ ಅವರ ಬಾಸ್ ಮುಂದೆ ಬರುವ ಭಾಗಕ್ಕಾಗಿ ಆ ದೀರ್ಘತೆಯನ್ನು ಒಪ್ಪಬಹುದು.

2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಈ ಬ್ಯಾಂಡನ್ನು ಕೇಳಿ, ಆಮೇಲೆ ಕೈಬಿಟ್ಟವರು ಶೀರ್ಷಿಕೆ ಗೀತೆ, ‘ಲಕ್ಸ್ ಈಟರ್ನಾ’, ‘ರೂಮ್ ಆಫ್ ಮಿರರ್ಸ್’ ಮತ್ತು ‘ಇನಮೊರಾಟಾ’ಗಳನ್ನು ಇದೇ ಕ್ರಮದಲ್ಲಿ ಕೇಳಲಿ. ಉಳಿದ ಎಂಟಕ್ಕೆ ಅವಸರವಿಲ್ಲ.