ಅಣ್ಣನನ್ನು ಉಣ್ಣುವುದು ಹೇಗೆ? ಹವಾಯಿಯ ಕೆಸುವಿನ ಹಬ್ಬ ಕುರಿತ ಅಧ್ಯಯನ ಟಿಪ್ಪಣಿ

ಹವಾಯಿಯ ಮಾವಿ ದ್ವೀಪದ ಪೂರ್ವ ತುದಿಯಲ್ಲಿ, ನೂರಾರು ತಿರುವುಗಳ ದಾರಿಯ ಕೊನೆಗೆ ಹಾನಾ ಎಂಬ ಚಿಕ್ಕ ಊರಿದೆ. ಅಲ್ಲಿನ ಜನರು ವಸಂತಕಾಲದಲ್ಲಿ ನಡೆಸಿಕೊಂಡು ಬಂದಿರುವ ಪೂರ್ವ ಮಾವಿ ಕೆಸುವಿನ ಹಬ್ಬವನ್ನು ಅರ್ಥಮಾಡಿಕೊಳ್ಳಲು ನಾನು ಮಾಡಿಕೊಂಡ ಟಿಪ್ಪಣಿಗಳಿವು. ಗಡ್ಡೆ ಕುಟ್ಟುವುದು, ತಳಿಗಳನ್ನು ಸಾಲಾಗಿ ಇಟ್ಟು ತೋರಿಸುವುದು, ಹುಲಾ ನೃತ್ಯ, ಕೆಸುವಿನ ತಿಂಡಿಗಳು ಇವೆಲ್ಲ ಒಂದೇ ಮೈದಾನದಲ್ಲಿ ನಡೆಯುತ್ತವೆ. ಇವುಗಳನ್ನು ಬಿಡಿಬಿಡಿಯಾಗಿ ಓದಿದಾಗ ಹಬ್ಬದ ಒಳನಂಟು ನನಗೆ ಸಿಗಲಿಲ್ಲ. ಅದು ಸಿಕ್ಕಿದ್ದು ಒಂದು ತುಂಡು ದಂಟಿನಲ್ಲಿ. ಆದ್ದರಿಂದ ಆ ಭಾಗವನ್ನೇ ಹೆಚ್ಚು ವಿಸ್ತರಿಸಿ ಬರೆದಿದ್ದೇನೆ.

ಗಿಡ ಮತ್ತು ಕಥೆ

ಹವಾಯಿಯನ್ನರು ಕಲೋ ಎಂದು ಕರೆಯುವ ಗಿಡ ನಮ್ಮ ಮಲೆನಾಡು ಮತ್ತು ಕರಾವಳಿಯವರು ಪತ್ರೊಡೆಗೆ ಬಳಸುವ ಕೆಸುವಿನ ಜಾತಿಯದೇ ಆಗಿದೆ. ಏಷ್ಯಾದ ಕಡೆಯಿಂದ ದ್ವೀಪದಿಂದ ದ್ವೀಪಕ್ಕೆ ದಾಟಿದ ಈ ಗಿಡವನ್ನು ಪಾಲಿನೇಷ್ಯದ ಜನರು ತಮ್ಮ ದೋಣಿಗಳಲ್ಲಿ ಹವಾಯಿಗೆ ತಂದರು.

ಹವಾಯಿಯನ್ನರ ಮೂಲಕಥೆ ಹೀಗಿದೆ: ಆಕಾಶದ ತಂದೆ ವಾಕೆಯಾ ಮತ್ತು ಹೋಓಹೋಕೂಕಲನಿ ಎಂಬ ದೇವತೆ ಇವರಿಗೆ ಹುಟ್ಟಿದ ಮೊದಲ ಮಗು ಉಸಿರಿಲ್ಲದೆ ಹುಟ್ಟಿತು. ಅದನ್ನು ಹೂಳಿದ ಜಾಗದಲ್ಲಿ ನಡುಗುವ ಎಲೆಯ, ಉದ್ದ ದಂಟಿನ ಕೆಸು ಮೊಳೆಯಿತು. ಎರಡನೆಯ ಮಗು ಬದುಕಿತು. ಅವನಿಗೆ ಅಣ್ಣನ ಹೆಸರನ್ನೇ ಉಳಿಸಿ ಹಾಲೋವಾ ಎಂದು ಕರೆದರು, ಮತ್ತು ಹವಾಯಿಯನ್ನರು ಅವನ ವಂಶದವರು. ಹೀಗಾಗಿ ಕೆಸು ಮನುಷ್ಯನಿಗೆ ಅಣ್ಣ: ತಮ್ಮನು ಅಣ್ಣನ ಆರೈಕೆ ಮಾಡಬೇಕು, ಅಣ್ಣ ತಮ್ಮನಿಗೆ ಉಣ್ಣಲು ಕೊಡಬೇಕು. ಪೋಯ್ (ಬೆಂದ ಕೆಸುವಿನ ಗಡ್ಡೆಯನ್ನು ಕುಟ್ಟಿ ಮಾಡುವ ತೆಳು ಮುದ್ದೆ) ತುಂಬಿದ ಬಟ್ಟಲನ್ನು ತೆರೆದಿಟ್ಟಿರುವಾಗ ಮನೆಯಲ್ಲಿ ಯಾರೂ ಜಗಳವಾಡಬಾರದು ಎಂಬ ನಿಯಮಕ್ಕೂ ಹಿರಿಯನು ಎದುರಿಗಿದ್ದಾನೆ ಎಂಬ ಭಾವವೇ ಕಾರಣ.

ನಾನು ಎಡವಿದ ಹೆಜ್ಜೆ: ಹುಲಿ

ಈ ಕಥೆ ಓದಿದಾಗ ನನಗೆ ಬಗೆಹರಿಯದೆ ಉಳಿದ ಪ್ರಶ್ನೆ ಇದು: ಅಣ್ಣನೆಂದು ಗೌರವಿಸುವ ಗಿಡವನ್ನು ಬೇರುಸಹಿತ ಕಿತ್ತು, ಬೇಯಿಸಿ, ಕುಟ್ಟಿ ತಿಂದ ಮೇಲೆ ಅಣ್ಣ ಎಲ್ಲಿ ಉಳಿದ? ಬಿತ್ತನೆಗೆಂದು ಕೆಲವು ಗಡ್ಡೆಗಳನ್ನು ಬೇರೆಯಾಗಿ ಎತ್ತಿಡುತ್ತಾರೆ, ಉಳಿದವನ್ನು ತಿನ್ನುತ್ತಾರೆ ಎಂದು ನಾನು ಭಾವಿಸಿದ್ದೆ. ಈ ಊಹೆ ತಪ್ಪು.

ಹವಾಯಿ ಭಾಷೆಯ ಹುಲಿ ಎಂಬ ಪದಕ್ಕೂ ನಮ್ಮ ಕಾಡಿನ ಹುಲಿಗೂ ಸಂಬಂಧವಿಲ್ಲ; ಅದು ನೆಡುವ ತುಂಡಿನ ಹೆಸರು. ಬಲಿತ ಗಿಡವನ್ನು ಕಿತ್ತಾಗ ಗಡ್ಡೆಯ ನೆತ್ತಿಯಿಂದ ಕಾಲು ಅಥವಾ ಅರ್ಧ ಇಂಚಿನಷ್ಟು ದಪ್ಪದ ಬಿಲ್ಲೆಯನ್ನು, ಅದರ ಮೇಲಿನ ಒಂದು ಅಡಿಯೊಳಗಿನ ದಂಟಿನ ಸಮೇತ ಕತ್ತರಿಸುತ್ತಾರೆ. ಎಲೆಗಳನ್ನು ತೆಗೆಯುತ್ತಾರೆ. ಗಡ್ಡೆ ಅಡುಗೆಗೆ ಹೋಗುತ್ತದೆ, ಬಿಲ್ಲೆ ಅಂಟಿದ ಆ ದಂಟು ಮತ್ತೆ ಕೆಸರಿಗೆ ಹೋಗುತ್ತದೆ. ಚಿಗುರುವ ಕಣ್ಣು ಇರುವುದು ಆ ನೆತ್ತಿಯಲ್ಲೇ ಆದ್ದರಿಂದ ತೆಳುವಾದ ಬಿಲ್ಲೆಯಷ್ಟೇ ಸಾಕಾಗುತ್ತದೆ. ಅಂದರೆ ಒಂದೇ ಗಿಡ ಒಂದೇ ದಿನ ಊಟವೂ ಆಗುತ್ತದೆ, ನಾಟಿಯೂ ಆಗುತ್ತದೆ. ತಿಂದದ್ದು ಯಾವ ಗಿಡವೋ ನೆಟ್ಟದ್ದೂ ಅದೇ ಗಿಡ. ಬೀಜದಿಂದ ಹುಟ್ಟುವ ಹೊಸ ಜೀವ ಇಲ್ಲಿ ಇಲ್ಲವಾದ್ದರಿಂದ, ಇಂದು ಗದ್ದೆಯಲ್ಲಿರುವ ಗಿಡ ಹಿರಿಯರು ಮುಟ್ಟಿದ ಗಿಡದ ಮುಂದುವರಿಕೆಯೇ ಹೊರತು ಅದರ ಮಗುವಲ್ಲ. ಅಣ್ಣ ಗಿಡವಾಗಿ ಬದುಕಿದ್ದಾನೆ ಎಂಬ ಕಥೆಯ ಮಾತನ್ನು ನಾನು ಉಪಮೆಯೆಂದು ಓದಿದ್ದೆ; ಗದ್ದೆಯಲ್ಲಿ ಅದು ಅಕ್ಷರಶಃ ನಿಜ.

ತಾಯಿಗಡ್ಡೆಯ ಸುತ್ತ ಹುಟ್ಟುವ ಮರಿಗಡ್ಡೆಗಳ ಹೆಸರು ಓಹಾ. ಕುಟುಂಬ ಎಂಬ ಅರ್ಥದ ಓಹಾನಾ ಎಂಬ ಪದ ಬಂದಿರುವುದು ಇದರಿಂದಲೇ. ನೆನಪಿಟ್ಟುಕೊಳ್ಳಲು ನಾನು ಬಳಸುವ ಸುಲಭ ದಾರಿ ಇದು: ನೆತ್ತಿ ಹುಲಿ, ಪಕ್ಕದ ಮರಿ ಓಹಾ, ಮರಿಗಳ ಗುಂಪು ಓಹಾನಾ.

ಇಷ್ಟು ಹಿಡಿತಕ್ಕೆ ಬಂದರೆ ಹಬ್ಬದಲ್ಲಿ ತಳಿಗಳನ್ನು ಯಾಕೆ ತೋರಿಸುತ್ತಾರೆ ಎಂಬುದು ತಾನಾಗಿ ತಿಳಿಯುತ್ತದೆ. ಭತ್ತದ ಬೀಜದಂತೆ ಕೆಸುವಿನ ಹುಲಿಯನ್ನು ಡಬ್ಬಿಯಲ್ಲಿ ತುಂಬಿ ವರ್ಷಗಟ್ಟಲೆ ಇಡಲಾಗದು. ಒಂದು ತಳಿಯನ್ನು ನೆಡುವ ಕೊನೆಯ ರೈತ ಕೈಬಿಟ್ಟರೆ ತಳಿ ಅಲ್ಲಿಗೇ ಮುಗಿಯುತ್ತದೆ. ಹಿಂದೆ ಹವಾಯಿಯಲ್ಲಿ ಹೆಸರಿಟ್ಟ ತಳಿಗಳು ಸುಮಾರು 300 ಇದ್ದವೆಂದು ಹೇಳುತ್ತಾರೆ. 1939ರಲ್ಲಿ ಪ್ರಕಟವಾದ ಕೃಷಿ ಕೈಪಿಡಿಯೊಂದು 84 ತಳಿಗಳನ್ನು ವಿವರಿಸಿತು. ಇಂದು ಉಳಿದಿರುವುದು ಕೆಲವೇ ಹತ್ತುಗಳಷ್ಟು. ಹಾಗಾಗಿ ಒಬ್ಬರ ಗದ್ದೆಯ ಹುಲಿ ಇನ್ನೊಬ್ಬರ ಗದ್ದೆ ಸೇರುವುದೇ ಇಲ್ಲಿನ ನಿಜವಾದ ಸಂರಕ್ಷಣೆ ಎಂಬುದು ನನ್ನ ಅಭಿಪ್ರಾಯ. ಹವಾಯಿ ವಿಶ್ವವಿದ್ಯಾಲಯವು 2002ರಲ್ಲಿ ಮೂರು ಮಿಶ್ರತಳಿಗಳಿಗೆ ಪೇಟೆಂಟ್ ಪಡೆದಾಗ ರೈತರು ಅಷ್ಟು ನೊಂದದ್ದಕ್ಕೂ ಇಲ್ಲೇ ಉತ್ತರವಿದೆ: ಅಣ್ಣನಿಗೆ ಯಾರೂ ಒಡೆಯರಾಗಲಾರರು. ಪ್ರತಿಭಟನೆಯ ನಂತರ 2006ರಲ್ಲಿ ವಿಶ್ವವಿದ್ಯಾಲಯವು ಆ ಪೇಟೆಂಟ್‌ಗಳನ್ನು ಬಿಟ್ಟುಕೊಟ್ಟಿತು. 2008ರಲ್ಲಿ ಕಲೋ ಹವಾಯಿಯ ಅಧಿಕೃತ ರಾಜ್ಯಸಸ್ಯವಾಯಿತು.

ಕುಟ್ಟುವುದು ಮತ್ತು ಉಣ್ಣುವುದು

ಹಸಿ ಕೆಸುವಿನಲ್ಲಿರುವ ಸೂಜಿಯಂಥ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳು ಗಂಟಲನ್ನು ತುರಿಸುತ್ತವೆ ಎಂಬುದನ್ನು ನಮ್ಮವರಿಗೆ ಹೇಳಬೇಕಾಗಿಲ್ಲ. ಅಲ್ಲಿ ಹುಣಸೆಹುಳಿಯ ನೆರವಿಲ್ಲದೆ ದೀರ್ಘಕಾಲ ಬೇಯಿಸಿಯೇ ತುರಿಕೆಯನ್ನು ಕಳೆಯುತ್ತಾರೆ. ಬೆಂದ ಗಡ್ಡೆಯನ್ನು ಮರದ ಹಲಗೆಯ ಮೇಲಿಟ್ಟು ಕಲ್ಲಿನ ಗುಂಡಿನಿಂದ ಕುಟ್ಟಿದಾಗ ಸಿಗುವ ಗಟ್ಟಿ ಮುದ್ದೆ ಪಾಇ-ಆಇ. ಅದಕ್ಕೆ ನೀರು ಬೆರೆಸಿ ತೆಳುವಾಗಿಸಿದರೆ ಪೋಯ್. ಪೋಯ್ ಒಂದೆರಡು ದಿನಗಳಲ್ಲಿ ಹುದುಗಿ ಹುಳಿಯಾಗುತ್ತದೆ, ಮತ್ತು ಆ ಹುಳಿಯನ್ನೇ ಮೆಚ್ಚುವವರು ಅನೇಕರಿದ್ದಾರೆ. ಕೈಯಲ್ಲಿ ಕುಟ್ಟಿದ ಪಾಇ-ಆಇ ಮಾರಾಟಕ್ಕೆ ಆಹಾರ ಸುರಕ್ಷತೆಯ ನಿಯಮಗಳು ಅಡ್ಡಿಯಾಗಿದ್ದವು; 2011ರ ಕಾಯಿದೆ ಷರತ್ತುಗಳೊಂದಿಗೆ ದಾರಿ ಮಾಡಿಕೊಟ್ಟಿತು. ಲೂಔ ಎಂದರೆ ಮೂಲತಃ ಕೆಸುವಿನ ಎಳೆ ಎಲೆ. ಹವಾಯಿಯ ಔತಣಕೂಟಕ್ಕೆ ಆ ಹೆಸರು ಬಂದದ್ದು ಅನಂತರ.

ನೀರು

ಲೋಇ ಎಂಬ ಗದ್ದೆಗೆ ತೊರೆಯ ನೀರನ್ನು ಔವೈ ಎಂಬ ಕಾಲುವೆ ತರುತ್ತದೆ. ನೀರು ಗದ್ದೆಯಿಂದ ಗದ್ದೆಗೆ ಇಳಿದು ಕೊನೆಗೆ ತೊರೆಗೇ ಮರಳುತ್ತದೆ. ನಿಂತ ನೀರು ಬಿಸಿಯಾದರೆ ಗಡ್ಡೆ ಕೊಳೆಯುತ್ತದೆ, ಆದ್ದರಿಂದ ನೀರು ತಣ್ಣಗೆ ಹರಿಯುತ್ತಲೇ ಇರಬೇಕು. ಪೂರ್ವ ಮಾವಿಯ ತೊರೆಗಳನ್ನು 1870ರ ದಶಕದಿಂದ ಕಬ್ಬಿನ ತೋಟಗಳ ಕಡೆಗೆ ತಿರುಗಿಸಿದಾಗ ಕೆಆನೆ, ವೈಲುವಾನುಇ ಭಾಗದ ಕೆಸು ಬೆಳೆಗಾರರು ಕಳೆದುಕೊಂಡದ್ದು ಈ ಹರಿವನ್ನೇ. ದೀರ್ಘ ಹೋರಾಟದ ಬಳಿಕ 2018ರಲ್ಲಿ ರಾಜ್ಯದ ಜಲ ಆಯೋಗವು ಹತ್ತು ತೊರೆಗಳ ನೀರನ್ನು ಪೂರ್ತಿಯಾಗಿ ಹಿಂದಿರುಗಿಸಬೇಕೆಂದು ಆದೇಶಿಸಿತು. ನೀರು ಮರಳಿದ ಲೋಇಯಲ್ಲಿ ಮತ್ತೆ ನಾಟಿ ಮಾಡಬೇಕಾದರೆ ಹುಲಿ ಬೇಕು, ಮತ್ತು ಅದು ನೀರು ಬತ್ತಿದ ವರ್ಷಗಳಲ್ಲೂ ತಳಿಯನ್ನು ಬಿಡದೆ ನೆಟ್ಟುಕೊಂಡು ಬಂದ ಇನ್ನೊಬ್ಬರ ಗದ್ದೆಯಿಂದಲೇ ಬರಬೇಕು.